ತೂತು ಗೂಡಿನ ರೇಷ್ಮೆ

ಪಾಸ್ಕಾಲಿಸ್ ನಕ್ಕರೆ ಬೀದಿಯ ಆ ತುದಿಗೂ ಗೊತ್ತಾಗುತ್ತಿತ್ತು. ತನ್ನ ಮದುವೆಯ ವರ್ಷ ಅವನು ಬಲಗಡೆಯ ಕೋರೆಹಲ್ಲಿಗೆ ಚಿನ್ನದ ಕವಚ ಹಾಕಿಸಿಕೊಂಡಿದ್ದ. ಅದು ಎಲ್ಲರಿಗೂ ಕಾಣಲೆಂದು ಬಾಯನ್ನು ಬಲಕ್ಕೆಳೆದು ನಗುವುದು ಅಭ್ಯಾಸವಾಗಿ, ಅರವತ್ತು ದಾಟುವ ಹೊತ್ತಿಗೆ ಮುಖವೇ ಒಂದಿಷ್ಟು ಬಲಕ್ಕೆ ವಾಲಿತ್ತು. "ಇವನ ಆಸ್ತಿಯೆಲ್ಲ ಬಾಯೊಳಗೇ ಇದೆ. ಕಳ್ಳ ಬಂದ್ರೆ ಬಾಯಿ ಮುಚ್ಕೊಂಡ್ರೆ ಸಾಕು, ಆದ್ರೆ ಅದೊಂದೇ ಇವನ ಕೈಲಾಗಲ್ಲ" ಎನ್ನುತ್ತಿದ್ದಳು ಹೆಂಡತಿ ಝುಂಬುಲಿಯಾ.

ಹಲ್ಲು ಬಿಟ್ಟರೆ ಅವನಿಗೆ ಜಂಬವಿದ್ದದ್ದು ಎರಡರ ಮೇಲೆ: ಹುಳು ಮತ್ತು ಮಗಳು. ನಮ್ಮೂರು ಸುಫ್ಲಿಯಲ್ಲಿ ಒಂದು ಕಾಲಕ್ಕೆ ರೇಷ್ಮೆಹುಳು ಸಾಕದ ಮನೆಯೇ ಇರಲಿಲ್ಲ. ಈಗ ಹುಳುವಿನ ಹೆಸರು ಹೇಳಿಕೊಂಡು ಅಂಗಡಿಯಿಟ್ಟವರು ಬಹಳ, ಹುಳುವಿಗೆ ಸೊಪ್ಪು ಹಾಕುವವರು ಬೆರಳೆಣಿಕೆ. ಪಾಸ್ಕಾಲಿಸ್ ಆ ಬೆರಳೆಣಿಕೆಯವರಲ್ಲೊಬ್ಬ. ಮೇ ತಿಂಗಳಲ್ಲಿ ಅವನ ಮನೆಯ ಮುಂದೆ ಹಾದುಹೋದರೆ ಮಳೆಯ ಸದ್ದು ಕೇಳುತ್ತಿತ್ತು, ತಲೆಯೆತ್ತಿ ನೋಡಿದರೆ ಸುಡು ಬಿಸಿಲು. ಮಹಡಿಯ ಮೇಲೆ ಅವನ ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುತ್ತಿದ್ದವು.

ಮಗಳು ದೊಮ್ನ. ಹತ್ತಿರದ ದಾದಿಯಾ ಕಾಡಿನಲ್ಲಿ ಅವಳಿಗೆ ರಣಹದ್ದುಗಳನ್ನು ನೋಡಿಕೊಳ್ಳುವ ಕೆಲಸ. ಕಾಡು ಹೊತ್ತಿ ಉರಿದ ಬೇಸಿಗೆಯಲ್ಲಿ ಬೆಂಕಿ ಆರಿಸುವ ಲಾರಿ ಓಡಿಸುತ್ತಿದ್ದ ಅನೆಸ್ತಿಸ್ ಎಂಬವನ ಪರಿಚಯವಾಯಿತು. "ಹೊಗೇಲಿ ಕಣ್ಣು ಸರಿಯಾಗಿ ಕಾಣ್ಸಲಿಲ್ಲ, ಒಪ್ಕೊಂಡುಬಿಟ್ಟೆ" ಎಂದು ಅವನ ಎದುರಿಗೇ ಹೇಳುತ್ತಾಳೆ. ಅವನು ಭೂಮಿ ತೂಕದ ಮನುಷ್ಯ, ಕೇಳಿ ನಗುತ್ತಾನೆ.

ಈಸ್ಟರ್ ದಿನ ಅಂಗಳದಲ್ಲಿ ಕುರಿ ಸುಡುತ್ತಿರುವಾಗ ಅವರಿಬ್ಬರೂ ಬಂದು, ಸೆಪ್ಟೆಂಬರಿನಲ್ಲಿ ಮದುವೆ ಎಂದರು. ಪಾಸ್ಕಾಲಿಸನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸರಳು ತಿರುಗಿಸುವುದನ್ನು ಬಿಟ್ಟು ಎದ್ದೇ ಬಿಟ್ಟ.

"ಮದುವೆ ಅಂಗಿ ನನ್ನ ಹುಳದ್ದು! ಕೇಳಿಸ್ತಾ ಝುಂಬುಲಿಯಾ? ಈ ಸಲದ ಗೂಡಿನಲ್ಲಿ ಒಂದೂ ಮಾರಲ್ಲ. ನನ್ನ ಮಗಳು ನನ್ನ ಹುಳದ ರೇಷ್ಮೆ ಉಟ್ಕೊಂಡು ಚರ್ಚಿಗೆ ಹೋಗ್ತಾಳೆ, ಆ ಪೇಟೆಯ ಅಂಗಡಿಯವರೆಲ್ಲ ಬಾಯಿ ಬಿಟ್ಕೊಂಡು ನೋಡ್ಬೇಕು!"

ದೊಮ್ನ ಕೈಯಲ್ಲಿದ್ದ, ಹಬ್ಬಕ್ಕೆ ಬಣ್ಣ ಹಾಕಿದ ಕೆಂಪು ಮೊಟ್ಟೆಯನ್ನು ಸುಲಿಯದೆ ಹಾಗೇ ಹಿಡಿದುಕೊಂಡಳು. "ಅಪ್ಪಾ, ಕೋಪ ಮಾಡ್ಕೋಬೇಡ. ಹುಳ ಬೇಯ್ಸಿದ ರೇಷ್ಮೆ ನಂಗೆ ಬೇಡ."

ಕುರಿಯ ಕೊಬ್ಬು ಕೆಂಡದ ಮೇಲೆ ಚೊರ್ ಎಂದದ್ದು ಎಲ್ಲರಿಗೂ ಕೇಳಿಸಿತು.

"ಕಾಡು ಸುಟ್ಟಾಗ ನೋಡಿದೀನಲ್ಲ ಅಪ್ಪ, ಹಾರೋಕೆ ಬರದ ಮರಿಗಳು ಗೂಡಲ್ಲೇ ಬೆಂದುಹೋಗಿದ್ವು. ಗೂಡಲ್ಲಿ ಬೆಂದಿದ್ದನ್ನ ಮೈಮೇಲೆ ಹಾಕ್ಕೊಂಡು ದೇವರ ಮುಂದೆ ನಿಲ್ಲೋಕೆ ನನ್ನಿಂದಾಗಲ್ಲ. ಉಂಗುರಾನೂ ಅಷ್ಟೇ. ಉಳಿದಿರೋ ಬೆಟ್ಟಾನೂ ಅಗೆದು ತೆಗೆದ ಹೊಸ ಚಿನ್ನ ಬೇಡ. ಮನೇಲಿರೋ ಮುರುಕು ಚೂರುಗಳನ್ನ ಕರಗಿಸಿ ಮಾಡಿಸ್ಕೋತೀವಿ."

"ಹಂಗಾದ್ರೆ ನಾನು ಇಷ್ಟು ವರ್ಷ ಮಾಡಿದ್ದು ಏನು? ಕೊಲೆನಾ?"

"ನಾನು ಹಂಗಂದ್ನಾ? ನೀನು ಹುಳ ಸಾಕಿ ನನ್ನ ಓದಿಸ್ದೆ. ಆ ಒಂದು ದಿನದ ಅಂಗಿ ಮಾತ್ರ ಬೇಡ ಅಂತಿದೀನಿ, ಅಷ್ಟೇ."

ಪಾಸ್ಕಾಲಿಸ್ ಮಹಡಿ ಹತ್ತಿ ಹೋದ. ಅವನಿಗೆ ನೋವಾಗಿತ್ತು, ಅದರಲ್ಲಿ ಮುಚ್ಚುಮರೆಯೇನಿಲ್ಲ. ಹುಳು ಬರುವ ಮುಂಚಿನ ಖಾಲಿ ಕೋಣೆ, ಖಾಲಿ ತಟ್ಟೆಗಳು. ಗೂಡು ಕಟ್ಟಿದ ಮೇಲೆ ಒಳಗಿನ ಹುಳುವನ್ನು ಶಾಖಕ್ಕಿಟ್ಟು ಕೊಲ್ಲದಿದ್ದರೆ ಅದು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ, ಉದ್ದಕ್ಕೆ ಒಂದೇ ಎಳೆಯಾಗಿ ಬಿಚ್ಚಿಕೊಳ್ಳಬೇಕಾದ ನೂಲು ತುಂಡು ತುಂಡಾಗುತ್ತದೆ. ತೂತು ಗೂಡನ್ನು ಕೊಳ್ಳುವವರಿಲ್ಲ. ಅವನ ಬದುಕಿಡೀ ಇದ್ದ ಭಯವೆಂದರೆ ಅದೊಂದೇ. ಹಾಗೆ ಯೋಚಿಸುತ್ತ ನಿಂತವನು ಇದ್ದಕ್ಕಿದ್ದಂತೆ ದಡದಡ ಮೆಟ್ಟಿಲಿಳಿದು ಬಂದ.

"ಬಿಟ್ಬಿಡ್ತೀನಿ!" ಎಂದು ಕೂಗಿದ. "ಒಳ್ಳೊಳ್ಳೇ ಗೂಡು ಆರಿಸಿ ಬೇರೆ ಇಡ್ತೀನಿ. ಶಾಖ ತೋರ್ಸಲ್ಲ. ಚಿಟ್ಟೆ ಎಲ್ಲ ಹಾರಿ ಹೋಗ್ಲಿ! ಆಮೇಲೆ ತೂತು ಗೂಡನ್ನ ಬೇಯ್ಸಿ, ಹಿಂಜಿ, ಹತ್ತಿ ನೂತಂಗೆ ನೂತ್ರೆ ಆಯ್ತು. ಕಿರಾತ್ಸೊ ನೂಲ್ತಾಳೆ, ಅವಳೇ ನೇಯ್ತಾಳೆ!"

ಅಲ್ಲೇ ಕೂತಿದ್ದ ಕಿರಾತ್ಸೊ ಝುಂಬುಲಿಯಾಳ ಅಕ್ಕ. ಊರಿನಲ್ಲಿ ಮಗ್ಗವನ್ನು ಇನ್ನೂ ಸೌದೆಗೆ ಹಾಕದವಳು ಅವಳೊಬ್ಬಳೇ. ನಾಲಿಗೆ ಮಾತ್ರ ಲಾಳಿಗಿಂತ ಚುರುಕು.

"ತೂತು ಗೂಡಿನ ಬಟ್ಟೇನಾ? ನಮ್ಮಜ್ಜಿ ಕಾಲದಲ್ಲಿ ಅದರಲ್ಲಿ ಒಳಚಡ್ಡಿ ಹೊಲೀತಿದ್ರು ಮಾರಾಯಾ! ಮಗಳನ್ನ ಒಳಚಡ್ಡೀಲಿ ಪಾದ್ರಿ ಮುಂದೆ ನಿಲ್ಲಿಸ್ತೀಯಾ?"

"ದೊಡ್ಡಮ್ಮ, ನಂಗೆ ಅದೇ ಬೇಕು!" ದೊಮ್ನ ಎದ್ದು ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. "ಒಂದೂ ಸಾಯಲ್ಲ ತಾನೇ ಅಪ್ಪ?"

"ಒಂದೇ ಒಂದು ಸತ್ರೂ ಈ ಹಲ್ಲು ಕಿತ್ತು ನಿನ್ನ ಕೈಗೆ ಕೊಡ್ತೀನಿ!" ಎಂದು ಪಾಸ್ಕಾಲಿಸ್ ಬಾಯನ್ನು ಬಲಕ್ಕೆಳೆದು ತೋರಿಸಿದ. ದ್ರಾಕ್ಷಿ ಸಾರಾಯಿ ಚಿಪೂರೊ ತುಂಬಿದ ಲೋಟಗಳು ಒಂದಕ್ಕೊಂದು ತಾಗಿದವು. ಕುರಿಯ ಒಂದು ಪಕ್ಕ ಸೀದುಹೋಗಿತ್ತು, ಆ ದಿನ ಅದನ್ನು ಯಾರೂ ಆಡಿಕೊಳ್ಳಲಿಲ್ಲ.

ಆ ವರ್ಷ ಅವನು ಹುಳು ಸಾಕಿದ್ದನ್ನು ನೋಡಬೇಕಿತ್ತು. ಇರುವೆ ಗಾತ್ರದ ಮರಿಗಳಿಗೆ ಸೊಪ್ಪನ್ನು ಕೂದಲಿನಷ್ಟು ಸಣ್ಣಗೆ ಹೆಚ್ಚಿ ಹಾಕಿದ. ಪೊರೆ ಬಿಡುವ ಜ್ವರಕ್ಕೆ ಕೂತು ಹುಳು ತಲೆಯೆತ್ತಿದಾಗೆಲ್ಲ ಮನೆಯವರು ಪಿಸುಮಾತಿಗಿಳಿಯಬೇಕಿತ್ತು. ಬೆಳ್ಳುಳ್ಳಿ ಹುರಿದರೆ ಹುಳುವಿಗೆ ಆಗದೆಂದು ಝುಂಬುಲಿಯಾ ಅಡುಗೆಯನ್ನು ಹಿತ್ತಲಿಗೆ ಸಾಗಿಸಿದಳು. "ನಾನು ಬಸುರಿ ಇದ್ದಾಗ ಇಷ್ಟು ನೋಡ್ಕೊಂಡಿದ್ರೆ ಇನ್ನೂ ನಾಲ್ಕು ಹೆತ್ತುಕೊಡ್ತಿದ್ದೆ" ಎಂದು ಗೊಣಗಿದಳು. ಕಾಫಿ ಅಂಗಡಿಯಲ್ಲಿ ಅವನು ಬೇರೆ ಮಾತೇ ಆಡುತ್ತಿರಲಿಲ್ಲ. ಪಾಸ್ಕಾಲಿಸ್ ಹುಳುಗಳಿಗೆ ರೆಕ್ಕೆ ಹಂಚುತ್ತಾನಂತೆ ಎಂದು ಗೇಲಿ ಮಾಡಿದವರೆಲ್ಲ ಸಂಜೆ ಒಬ್ಬೊಬ್ಬರಾಗಿ ಮಹಡಿ ಹತ್ತಿ ನೋಡಿಕೊಂಡು ಹೋದರು.

ಹುಳು ಹಣ್ಣಾಗಿ, ಒಣರೆಂಬೆಗಳ ಕಂತೆ ಹತ್ತಿ ಗೂಡು ಕಟ್ಟಿದವು. ಬಿಡಿಸಿದಾಗ ಅವನು ಒಂದೊಂದನ್ನೂ ಕಿವಿಯ ಬಳಿ ಅಲ್ಲಾಡಿಸಿ, ಬೆಳಕಿಗೆ ಹಿಡಿದು, ಅತ್ಯುತ್ತಮವಾದವನ್ನು ದೊಡ್ಡದೊಂದು ಬುಟ್ಟಿಗೆ ತುಂಬಿದ. ಬುಟ್ಟಿಯ ಹಿಡಿಗೆ ಝುಂಬುಲಿಯಾ ಕೆಂಪು ರಿಬ್ಬನ್ ಕಟ್ಟಿದಳು. ಉಳಿದ ಗೂಡುಗಳು ಯಥಾಪ್ರಕಾರ ಶಾಖಕ್ಕೆ.

ಅದೇ ವಾರ ದೊಮ್ನ ಉಂಗುರದ ಚೂರುಗಳನ್ನು ಹೊತ್ತು ಅಕ್ಕಸಾಲಿಗನ ಬಳಿ ಹೋಗಿದ್ದಳು. ಅಜ್ಜಿಯ ಒಂಟಿ ಓಲೆ, ಅನೆಸ್ತಿಸನ ನಾಮಕರಣದ ತುಂಡಾದ ಸರ, ಅವನ ತಾಯಿ ಕೊಟ್ಟ ಸವೆದ ಚಿನ್ನದ ಗುಂಡು. ಅಕ್ಕಸಾಲಿಗ ತೂಗಿ ನೋಡಿ, ಹುಡುಗಿಯ ಉಂಗುರಕ್ಕೆ ಧಾರಾಳವಾಯಿತು, ಹುಡುಗನ ಬೆರಳು ಬೆರಳಲ್ಲ, ಸೌತೆಕಾಯಿ, ಅದಕ್ಕೆ ಸಾಲದು ಎಂದನಂತೆ. "ತೆಳ್ಳಗೆ ಮಾಡಿಸ್ತೀವಿ ಬಿಡು" ಎಂದು ಅನೆಸ್ತಿಸ್. "ಲಾರಿಯ ಚಕ್ರ ತಿರುಗಿಸೋ ಕೈಗೆ ದಾರದಂಥ ಉಂಗುರ, ಒಂದೇ ವಾರಕ್ಕೆ ಬಾಗುತ್ತೆ" ಎಂದು ದೊಮ್ನ. ಮಾತು ಅಲ್ಲಿಗೇ ನಿಂತಿತ್ತು.

ಇನ್ನು ಆ ಬೆಳಗು. ದೊಮ್ನ, ಅನೆಸ್ತಿಸ್ ಇಬ್ಬರಿಗೂ ಅಂದು ಕಾಡಿನಲ್ಲಿ ಕೆಲಸ, ಅನೆಸ್ತಿಸನ ತಂದೆತಾಯಿ ಮಾತ್ರ ಮೊದಲ ಸಲ ಊಟಕ್ಕೆ ಬರುವವರಿದ್ದರು. ಝುಂಬುಲಿಯಾ ತಂಪುಕೋಣೆ ಗುಡಿಸಿ ಮೇಜು ಹಾಕಬೇಕೆಂದು ಕೆಂಪು ರಿಬ್ಬನ್ನಿನ ಬುಟ್ಟಿಯನ್ನು ಎತ್ತಿ ಮಹಡಿಯಲ್ಲಿ ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟಳು. ಪಾಸ್ಕಾಲಿಸ್ ಅಂದೇ ಉಳಿದ ಗೂಡುಗಳನ್ನು ಬೇಕರಿಗೆ ಸಾಗಿಸುತ್ತಿದ್ದ. ಬ್ರೆಡ್ಡು ತೆಗೆದಾದ ಮೇಲೆ ಅಲ್ಲಿನ ಒಲೆ ಗೂಡಿಗೆ ಹದವಾಗಿರುತ್ತದೆ, ನಮ್ಮಲ್ಲಿ ಅದು ಹಳೆಯ ಪದ್ಧತಿ. ಮೂಟೆಗಳನ್ನೆಲ್ಲ ಹಾಕಿ, ಉಳಿದದ್ದೇನಾದರೂ ಇದೆಯೇ ಎಂದು ನೋಡಲು ಮೇಲೆ ಬಂದ.

ಕಿಟಕಿಯ ಬಳಿ ಬುಟ್ಟಿಯಿಂದ ಹೊರಗುರುಳಿದ್ದ ಒಂದು ಗೂಡಿನ ಮೂತಿ ಒದ್ದೆಯಾಗಿತ್ತು. ಒದ್ದೆಯ ನಡುವೆ ತೂತು. ತೂತಿನಿಂದ ಆಗಷ್ಟೇ ಹೊರಬಂದ ಬಿಳಿ ಚಿಟ್ಟೆಯೊಂದು ಮುದುಡಿದ ರೆಕ್ಕೆ ಹೊತ್ತು ಕಿಟಕಿಯ ಪರದೆ ಹತ್ತುತ್ತಿತ್ತು.

"ತೂತು! ತೂತು ಬೀಳ್ತಿದೆ!" ಎಂದು ಪಾಸ್ಕಾಲಿಸ್ ಚೀರಿದ.

ಅಯ್ಯೋ, ಕಾದಿದ್ದದ್ದು ಅದಕ್ಕೇ ಅಲ್ಲವೇ! ಈಸ್ಟರಿನಿಂದ ಇಡೀ ಮನೆ ಉಸಿರು ಬಿಗಿಹಿಡಿದು ಕಾದದ್ದು ಆ ತೂತಿಗೇ. ಆದರೆ ಬಾಲ್ಯದಿಂದ ಆ ಮಾತು ಕೇಳಿದರೆ ಮನೆಗೆ ಬೆಂಕಿ ಬಿದ್ದವರಂತೆ ಓಡಿ ಅಭ್ಯಾಸವಾದ ಕಾಲು ಅವು. ತಲೆ ಏನಾದರೂ ಹೇಳುವ ಮುಂಚೆ ಕೈ ಬುಟ್ಟಿ ಎತ್ತಿತ್ತು. ಓಡಿದ. ಒಲೆಯ ಬಾಗಿಲು ಮುಚ್ಚುತ್ತಿದ್ದ ಬೇಕರಿಯವನನ್ನು ತಳ್ಳಿ ಬುಟ್ಟಿಯಲ್ಲಿದ್ದದ್ದನ್ನೆಲ್ಲ ಹಲಗೆಯ ಮೇಲೆ ಸುರಿದು ಒಳಗೆ ನೂಕಿದ. ಬಾಗಿಲು ಹಾಕಿ, ಬೆವರು ಒರೆಸಿಕೊಂಡು, ಗೆದ್ದವನಂತೆ ನಕ್ಕ.

"ಸ್ವಲ್ಪ ತಡವಾಗಿದ್ರೆ ಎಲ್ಲಾ ಹಾಳಾಗ್ತಿತ್ತು!"

"ಯಾರದ್ದು ಇದು, ರಿಬ್ಬನ್ ಕಟ್ಟಿರೋ ಬುಟ್ಟಿ?" ಎಂದು ಬೇಕರಿಯವನು ಕೇಳಿದ.

"ದೊಮ್ನಂದು. ಅವಳ ಮದುವೆ..."

ಬೇಕರಿಯವನೇ ಅವನ ಮುಖ ನೋಡಿ ಒಲೆಯ ಬಾಗಿಲು ತೆಗೆದ. ಬಿಸಿ ಹವೆ ಮುಖಕ್ಕೆ ರಾಚಿತು. ಪಾಸ್ಕಾಲಿಸ್ ಬರಿಗೈಯಲ್ಲೇ ಹಲಗೆ ಎಳೆದು ಬೆರಳು ಸುಟ್ಟುಕೊಂಡ. ಒಂದು ಗೂಡನ್ನು ಕಿವಿಗೆ ಹಿಡಿದ, ಇನ್ನೊಂದನ್ನು ಹಿಡಿದ. ಒಳಗೆ ಅಲುಗಾಟವಿರಲಿಲ್ಲ.

ಬೀಗರಾಗುವವರು ಬಂದು, ಊಟ ಮಾಡಿ, ಹೋದರು. ಪಾಸ್ಕಾಲಿಸನಿಗೆ ಹಲ್ಲುನೋವು ಎಂದು ಝುಂಬುಲಿಯಾ ಸುಳ್ಳು ಹೇಳಿದ್ದಳು. ಅವರು ಹೋದ ಮೇಲೆ ಕಿರಾತ್ಸೊ ಸೊಂಟಕ್ಕೆ ಕೈಯಿಟ್ಟು ಅವನ ಮುಂದೆ ನಿಂತಳು.

"ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ನೀನು ಮಗಳ ಅಂಗೀನೇ ಸುಟ್ಟೆ, ಆದ್ರೂ ಹೋಗ್ಲಿಲ್ಲ!" ಆಮೇಲೆ ಅವನ ಮುಖ ನೋಡಿ ದನಿ ತಗ್ಗಿಸಿದಳು. "ಕೇಳಿಲ್ಲಿ. ಕತ್ತರಿ ತಗೊಂಡು ಒಂದೊಂದು ಗೂಡಿನ ಮೂತಿಗೂ ಒಂದೊಂದು ತೂತು ಮಾಡು. ಹಿಂಜಿದ ಮೇಲೆ ಯಾವ ಹದ್ದು ಬಂದು ನೋಡುತ್ತೆ? ನಾನು ಬಾಯಿ ಬಿಡಲ್ಲ."

ಅವನು ಕತ್ತರಿ ತೆಗೆದುಕೊಂಡದ್ದೂ ನಿಜ, ಒಂದು ಗೂಡಿನ ಮೂತಿ ಕತ್ತರಿಸಿದ್ದೂ ನಿಜ. ಒಳಗಿದ್ದದ್ದು ಅಂಗೈಗೆ ಉರುಳಿತು. ಲಕ್ಷಗಟ್ಟಲೆ ನೋಡಿದ್ದ ಅಂಥದ್ದನ್ನು. ಆದರೂ ಕತ್ತರಿ ಕೆಳಗಿಟ್ಟು ಫೋನು ಎತ್ತಿಕೊಂಡ. ಮಗಳಿಗೆ ನಡೆದದ್ದೆಲ್ಲ ಹೇಳಿದ, ಒಂದೂ ಬಿಡದೆ.

"ಎಲ್ಲಾನಾ ಅಪ್ಪ?"

"ಒಂದು ಉಳೀತು. ಅದೇ ಮೊದಲೇ ಹೊರಗೆ ಬಂದಿತ್ತು, ಅದಕ್ಕೆ."

"ಹೋಗ್ಲಿ ಬಿಡು ಅಪ್ಪ. ಅಮ್ಮನ ಅಂಗಿ ಇದೆಯಲ್ಲ, ಅದನ್ನೇ ಉಟ್ಕೋತೀನಿ. ಕೈ ಸುಟ್ಕೊಂಡೆ ಅಂದ್ಯಲ್ಲ, ಏನಾದ್ರೂ ಹಚ್ಚಿದ್ಯಾ?"

ಬೈದಿದ್ದರೆ ಅವನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಗುತ್ತಿತ್ತು. ಝುಂಬುಲಿಯಾಳ ಅಂಗಿ ಆ ಕಾಲದ ನೈಲಾನು, ಮೀನಿನ ಹಾಗೆ ಮಿರಮಿರ ಹೊಳೆಯುವಂಥದ್ದು. ಅದನ್ನು ನೋಡಿದಾಗೆಲ್ಲ ಅಮ್ಮನನ್ನು ರೇಗಿಸಿ ನಗುತ್ತಿದ್ದ ಹುಡುಗಿ ಈಗ ಅಪ್ಪನಿಗೆ ನೋವಾಗಬಾರದೆಂದು ಅದನ್ನೇ ಉಡುತ್ತೇನೆ ಎಂದಳು. ಪಾಸ್ಕಾಲಿಸ್ ಗೋಡೆಗೆ ಮುಖಮಾಡಿ ಅತ್ತ.

ಆ ಒಂಟಿ ಚಿಟ್ಟೆ ಪರದೆಯ ಮೇಲೇ ಇತ್ತು. ರೆಕ್ಕೆ ಬಿಚ್ಚಿಕೊಂಡಿತ್ತು, ಹಾರಲಿಲ್ಲ. ಮಾರನೆಯ ದಿನವೂ ಅಲ್ಲೇ ಇತ್ತು. ಅವನು ಕುರ್ಚಿ ಹಾಕಿಕೊಂಡು ಅದರ ಮುಂದೆ ಕೂತ. ಇಷ್ಟು ವರ್ಷ ಹುಳು ಸಾಕಿದವನು ಒಂದು ಚಿಟ್ಟೆಯನ್ನೂ ಕೂತು ನೋಡಿರಲಿಲ್ಲ. ಮೊಟ್ಟೆ ಬೇರೆ ಕಡೆಯಿಂದ ಬರುತ್ತಿತ್ತು, ಗೂಡು ಬೇರೆ ಕಡೆಗೆ ಹೋಗುತ್ತಿತ್ತು.

"ಇದಕ್ಕೇನಾದ್ರೂ ತಿನ್ನೋಕೆ ಕೊಡೇ" ಎಂದ.

"ಅದಕ್ಕೆ ತಿನ್ನೋಕೆ ಬಾಯೇ ಇಲ್ವಂತೆ. ಒಂದು ವಾರ ಬದುಕಿದ್ರೆ ಹೆಚ್ಚು" ಎಂದು ಝುಂಬುಲಿಯಾ ಪಕ್ಕದಲ್ಲಿ ಬಂದು ಕೂತಳು. "ನಿಮ್ಮಮ್ಮ ಸಾಕ್ತಿದ್ರಲ್ಲ ಇವನ್ನ. ಬೀಜಕ್ಕೆ ಅಂತ ಪ್ರತಿ ಮನೇಲೂ ಒಂದಷ್ಟು ಗೂಡು ಬಿಡ್ತಿದ್ರು. ನಾನು ಸೊಸೆಯಾಗಿ ಬಂದಾಗ್ಲೂ ಇತ್ತು. ಬಟ್ಟೆ ಮೇಲೆ ಮೊಟ್ಟೆ ಇಡೋವು."

ಪಾಸ್ಕಾಲಿಸನಿಗೆ ಮಸುಕಾಗಿ ನೆನಪಾಯಿತು. ಅಮ್ಮನ ಮಂಚದ ಕೆಳಗೆ ಬಿಳಿ ಬಟ್ಟೆ, ಅದರ ಮೇಲೆ ಪಟಪಟ ರೆಕ್ಕೆ ಬಡಿಯುವ ಚಿಟ್ಟೆಗಳು. "ಆ ತೂತು ಗೂಡುಗಳನ್ನೆಲ್ಲ ಏನು ಮಾಡ್ತಿದ್ರು? ಎಸೀತಿದ್ರಾ?"

"ಎಸೆಯೋದಾ? ನಿಮ್ಮಮ್ಮ ಈರುಳ್ಳಿ ಸಿಪ್ಪೇನೂ ಎಸೆದೋರಲ್ಲ."

"ಮತ್ತೆ ಎಲ್ಲಿ ಹೋದ್ವು?"

"ಎಲ್ಲಿ ಹೋಗ್ತವೆ? ನಿನ್ನ ತಲೆ ಕೆಳಗಿದೆ ಮಾರಾಯ! ಇಷ್ಟು ವರ್ಷದಿಂದ ಗೊರಕೆ ಹೊಡೀತಿದೀಯಲ್ಲ, ಯಾವುದರ ಮೇಲೆ ಅಂದ್ಕೊಂಡೆ?"

ಪಾಸ್ಕಾಲಿಸ್ ಎದ್ದ ರಭಸಕ್ಕೆ ಕುರ್ಚಿ ಬಿತ್ತು. ಮಲಗುವ ಕೋಣೆಗೆ ನುಗ್ಗಿ ತನ್ನ ದಿಂಬಿನ ಹೊಲಿಗೆಯನ್ನು ಹಲ್ಲಿನಿಂದಲೇ ಕಿತ್ತ. ಒಳಗಿನಿಂದ ಹಳದಿ ತಿರುಗಿದ, ಮೆತ್ತನೆಯ, ಹಿಂಜಿದ ರೇಷ್ಮೆ ಉಕ್ಕಿ ಬಂತು. ನಡುನಡುವೆ ಹಿಂಜದೆ ಉಳಿದ ಗೂಡುಗಳು. ಒಂದನ್ನೆತ್ತಿ ಬೆಳಕಿಗೆ ಹಿಡಿದ. ಮೂತಿಯಲ್ಲಿ ದುಂಡನೆಯ ತೂತು.

"ಝುಂಬುಲಿಯಾ! ಹಾರಿ ಹೋಗಿದೆ ಕಣೇ! ಎಲ್ಲಾ ಹಾರಿ ಹೋಗಿದ್ದಾವೆ!"

ಅವನು ನಗುತ್ತಿದ್ದ, ಮೈತುಂಬ ರೇಷ್ಮೆಯ ನಾರು ಮೆತ್ತಿಕೊಂಡಿತ್ತು. ಝುಂಬುಲಿಯಾ ತನ್ನ ದಿಂಬನ್ನೂ ತಂದು ಅವನ ಮಡಿಲಿಗೆ ಹಾಕಿದಳು.

ಎರಡು ದಿಂಬಿನಿಂದ ಒಂದು ತೋಳೂ ಆಗುವುದಿಲ್ಲ ಎಂದಳು ಕಿರಾತ್ಸೊ. ಉಳಿದದ್ದಕ್ಕೆ ಊರು ಕೇಳಬೇಕು. ಪಾಸ್ಕಾಲಿಸ್ ನೆರೆಮನೆಯಿಂದ ಒಂದು ಚಿಟಿಕೆ ಉಪ್ಪೂ ಕೇಳಿದವನಲ್ಲ. ಆ ಜಂಬದವನು ಟೋಪಿ ತೆಗೆದು ಕೈಯಲ್ಲಿ ಹಿಡಿದು, ಹಳೆಯ ಮನೆಗಳ ಬಾಗಿಲು ತಟ್ಟಿದ. ಮುದುಕಿಯರ ಎದುರು ನಿಂತು, ನಾನು ಹೀಗೆ ಮಾಡಿಬಿಟ್ಟೆ, ನಿಮ್ಮ ದಿಂಬು ಕೊಡುತ್ತೀರಾ ಎಂದು ಕೇಳಿದ. ಒಲೆಯ ಕತೆ ಅಷ್ಟರಲ್ಲಿ ಊರೆಲ್ಲ ಹಬ್ಬಿತ್ತು. ಮೊದಲು ಹೊಟ್ಟೆ ಹಿಡಿದುಕೊಂಡು ನಗುವರು, ಆಮೇಲೆ ಕಣ್ಣೊರೆಸಿಕೊಂಡು ದಿಂಬು ತರುವರು.

"ಇದು ನನ್ನ ವರದಕ್ಷಿಣೇದು. ಗಂಡ ಹೋದ ಮೇಲೆ ಅವನ ಪಾಲಿನ ದಿಂಬು ಸುಮ್ನೆ ಬಿದ್ದಿತ್ತು. ತಗೊಂಡು ಹೋಗು, ಕುಣೀಲಿ ಅದೂ" ಎಂದಳು ಒಬ್ಬಳು. ಹಾಸಿಗೆ ಹಿಡಿದ ಇನ್ನೊಬ್ಬ ಮುದುಕಿ, ಸೊಸೆ ಬೇಡವೆಂದರೂ ಕೇಳದೆ, ತಲೆಯೆತ್ತಿ ದಿಂಬು ತೆಗೆಸಿ ಕೊಟ್ಟಳು. ಕೊನೆಗೆ ತಾವಾಗಿಯೇ ತರತೊಡಗಿದರು. ನನ್ನದರಲ್ಲಿ ರೇಷ್ಮೆ ಹೆಚ್ಚು, ನಿನ್ನದರಲ್ಲಿ ಬರೀ ಧೂಳು ಎಂದು ಅಂಗಳದಲ್ಲೇ ಜಗಳ ಹತ್ತಿತು. ಝುಂಬುಲಿಯಾ ಎಲ್ಲರಿಗೂ ಬದಲಿ ದಿಂಬು ಹೊಲಿದು ಕೊಟ್ಟಳು. ಆ ಬೇಸಿಗೆಯಲ್ಲಿ ಸುಫ್ಲಿಯ ಅರ್ಧ ಊರಿಗೆ ಕತ್ತು ಹಿಡಿದುಕೊಂಡಿತ್ತು.

ದೊಮ್ನ ಭಾನುವಾರ ಬಂದಾಗ ಅಂಗಳದ ಹಂಡೆಯಲ್ಲಿ ಸೋಪಿನ ನೀರು ಕುದಿಯುತ್ತಿತ್ತು. ಹಗ್ಗಗಳ ಮೇಲೆಲ್ಲ ತೊಳೆದ ರೇಷ್ಮೆ ಮೋಡದ ಹಾಗೆ ತೂಗಾಡುತ್ತಿತ್ತು. ಪಾಸ್ಕಾಲಿಸ್ ಅವಳ ಅಂಗೈಯಲ್ಲಿ ತೂತು ಗೂಡೊಂದನ್ನು ಇಟ್ಟ.

"ನಿಮ್ಮಜ್ಜಿ ಬಿಟ್ಟದ್ದು. ಇಲ್ಲಿರೋದು ಯಾವ್ದೂ ಬೆಂದಿದ್ದಲ್ಲ ಮಗಳೇ. ಒಂದೊಂದನ್ನೂ ನೋಡಿದೀನಿ. ಇದು... ಇದು ನಡೆಯುತ್ತಾ?"

ದೊಮ್ನ ಗೂಡಿನ ತೂತಿನೊಳಗೆ ಕಿರುಬೆರಳು ಹಾಕಿ ನೋಡಿದಳು. ಚೀರುತ್ತ ಅಪ್ಪನ ಮೇಲೆ ಬಿದ್ದ ಹೊಡೆತಕ್ಕೆ ಇಬ್ಬರೂ ಹಗ್ಗದ ರೇಷ್ಮೆಯೊಳಗೆ ಸಿಕ್ಕಿಕೊಂಡರು. ಕಿರಾತ್ಸೊ ಕೋಲು ಹಿಡಿದು ಬಂದಳು. "ಈಗಷ್ಟೇ ತೊಳೆದದ್ದು! ಅಪ್ಪ ಮಗಳು ಸೇರಿ ಇದನ್ನೂ ಹಾಳು ಮಾಡ್ತೀರಾ?"

ಅಂದು ಹೊರಡುವಾಗ ದೊಮ್ನ ಒಲೆಗೆ ಹೋಗಿ ಬಂದ ಗೂಡುಗಳನ್ನೂ ಕೇಳಿದಳು. ಸತ್ತದ್ದನ್ನು ಎಸೆಯುವುದು ಇನ್ನೂ ದೊಡ್ಡ ಪಾಪ, ನೂಲು ಬಿಚ್ಚಿಸಿ ಅಮ್ಮನಿಗೊಂದು ಶಾಲು ಮಾಡಿಸೋಣ ಎಂದಳು. ಝುಂಬುಲಿಯಾ ಬೇಡವೆನ್ನಲಿಲ್ಲ.

ಬೇಸಿಗೆಯಿಡೀ ಕಿರಾತ್ಸೊಳ ಮಗ್ಗದ ಸದ್ದು ನಿಲ್ಲಲಿಲ್ಲ. ಒಳಚಡ್ಡಿಯ ಬಟ್ಟೆ ಎಂದು ಆಡಿಕೊಂಡವಳೇ ಈಗ ಯಾರಾದರೂ ಒರಟೆಂದರೆ ಹರಿಹಾಯುತ್ತಿದ್ದಳು. ಬಟ್ಟೆಗೆ ಅಂಗಡಿ ರೇಷ್ಮೆಯ ಜಾರಿಕೆ ಇರಲಿಲ್ಲ. ಹಾಲಿನ ಕೆನೆಯ ಬಣ್ಣ, ಅಲ್ಲಲ್ಲಿ ಗಂಟು, ಮೈಗೆ ಬೆಚ್ಚಗೆ.

ಒಂದು ದಿನ ಪಾಸ್ಕಾಲಿಸ್ ಯಾರಿಗೂ ಹೇಳದೆ ಪಟ್ಟಣದ ಬಸ್ಸು ಹತ್ತಿದ. ಸಂಜೆ ಬಂದು ಮಗಳ ಕೈಯಲ್ಲಿ ಕಾಗದದ ಪೊಟ್ಟಣವಿಟ್ಟ. ಒಳಗೆ ಚಿನ್ನದ ಕವಚ.

"ಮಾತು ಕೊಟ್ಟಿದ್ನಲ್ಲ" ಎಂದ, ಬಾಯಿಗೆ ಕೈ ಅಡ್ಡ ಹಿಡಿದು.

"ಅಪ್ಪಾ! ಅದು ಈಸ್ಟರ್ ಊಟದ ಮಾತು! ಯಾರು ಕೇಳಿದ್ರು?"

"ಯಾವ ಬೆಟ್ಟಾನೂ ಅಗೆದಿಲ್ಲ, ನನ್ನ ಬಾಯಿ ಮಾತ್ರ ಅಗೆದಿದ್ದು. ಆ ಸೌತೆಕಾಯಿಗೆ ಸಾಲುತ್ತಾ ಕೇಳು."

ಅನೆಸ್ತಿಸ್ ಮೊದಲು ಗಾಬರಿಯಾದ, ಆಮೇಲೆ ಮಾವನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಅಕ್ಕಸಾಲಿಗ ಎಲ್ಲವನ್ನೂ ಕರಗಿಸಿ, ಶುದ್ಧ ಮಾಡಿ, ಇಬ್ಬರಿಗೂ ಗಟ್ಟಿ ಉಂಗುರ ಮಾಡಿಕೊಟ್ಟ. "ಹುಷಾರು ಹುಡುಗಾ, ಮಾವನ ಹಲ್ಲು ನಿನ್ನ ಬೆರಳಲ್ಲಿದೆ. ಹೆಂಡ್ತಿ ಜೊತೆ ಜಗಳಕ್ಕೆ ಹೋದ್ರೆ ಕಚ್ಚುತ್ತೆ" ಎಂದು ಕಿರಾತ್ಸೊ ಎಚ್ಚರಿಸಿದಳು.

ಎಲ್ಲ ಆಯಿತು. ಆದರೂ ಪಾಸ್ಕಾಲಿಸನ ಎದೆಯಲ್ಲಿ ಒಂದು ಮುಳ್ಳು ಉಳಿದಿತ್ತು. ಅಂಗಿಯಲ್ಲಿ ಇಡೀ ಊರಿನ ರೇಷ್ಮೆಯಿತ್ತು, ಅವನ ಕೈಯ ಹುಳುವಿನದು ಒಂದೆಳೆಯೂ ಇರಲಿಲ್ಲ. ಅದನ್ನು ಯಾರ ಮುಂದೆಯೂ ಆಡಲಿಲ್ಲ. ಚಿಟ್ಟೆ ಸತ್ತ ದಿನ ಅದು ಬಿಟ್ಟುಹೋದ ಗೂಡನ್ನು ಅವನು ದೇವರ ಪಟದ ಹಿಂದೆ ಇಟ್ಟಿದ್ದ. ಆಗಸ್ಟಿನಲ್ಲೊಮ್ಮೆ ನೋಡಿದಾಗ ಗೂಡು ಅಲ್ಲಿರಲಿಲ್ಲ. ಝುಂಬುಲಿಯಾ ಗುಡಿಸಿ ಹಾಕಿರಬೇಕು ಎಂದುಕೊಂಡು ಸುಮ್ಮನಾದ.

ಮದುವೆಯ ದಿನ ಚರ್ಚು ಕಿಕ್ಕಿರಿದಿತ್ತು. ದಿಂಬು ಕೊಟ್ಟ ಮುದುಕಿಯರೆಲ್ಲ ಮುಂದಿನ ಸಾಲಿನಲ್ಲಿ ಕೂತು, ದೊಮ್ನ ಹತ್ತಿರ ಬಂದಾಗ ಕೈ ಚಾಚಿ ಬಟ್ಟೆ ಮುಟ್ಟಿದರು. ಈ ಮಡಿಕೆ ನನ್ನದು, ಆ ತೋಳು ನನ್ನದು ಎಂದು ಪಿಸುಗುಟ್ಟಿದರು. ಉಂಗುರ ಬದಲಾಯಿಸಿದ್ದಾಯಿತು. ಪಾದ್ರಿ ಕಿರೀಟಗಳನ್ನೆತ್ತಿದ. ನಮ್ಮಲ್ಲಿ ವಧೂವರರಿಗೆ ತೊಡಿಸುವ ಎರಡು ಹೂಕಿರೀಟಗಳನ್ನು ಒಂದು ರಿಬ್ಬನ್ ಜೋಡಿಸಿರುತ್ತದೆ. ಅಂದು ರಿಬ್ಬನ್ ಇ‍ರಲಿಲ್ಲ. ಎರಡರ ನಡುವೆ ಕಂಡೂ ಕಾಣದಂಥ ಒಂದು ಬಿಳಿ ನೂಲು ಇಳಿಬಿದ್ದಿತ್ತು.

"ಏನದು?" ಎಂದು ಪಾಸ್ಕಾಲಿಸ್ ಕಿರಾತ್ಸೊಳ ಕಿವಿಯಲ್ಲಿ ಕೇಳಿದ.

"ನಿನ್ನ ಹುಳ."

"ಯಾವ ಹುಳ?"

"ಉಳಿದದ್ದು ಎಷ್ಟು ಮಾರಾಯ? ಒಂದೇ ತಾನೇ? ನಿನ್ನ ಮಗಳೇ ದೇವರ ಪಟದ ಹಿಂದಿಂದ ತೆಗೆದುಕೊಟ್ಟಳು. ನೂತುಕೊಡು ದೊಡ್ಡಮ್ಮ, ಬೇರೆ ಯಾವುದನ್ನೂ ಸೇರಿಸ್ಬೇಡ ಅಂದಳು. ಒಂದೇ ಎಳೆ. ನಾನು ಬೇಡ, ಹರಿಯುತ್ತೆ ಅಂದೆ. ಕೇಳ್ಲಿಲ್ಲ."

ಪಾಸ್ಕಾಲಿಸ್ ತುದಿಗಾಲಲ್ಲಿ ನಿಂತ. ಏಕೆಂದರೆ ಈಗ ಬರುವುದು ಪ್ರದಕ್ಷಿಣೆ. ಕಿರೀಟ ಹೊತ್ತ ಇಬ್ಬರೂ ಪಾದ್ರಿಯ ಹಿಂದೆ ಮೇಜು ಸುತ್ತಬೇಕು, ಜನ ಮೇಲಿಂದ ಅಕ್ಷತೆ ಸುರಿಯಬೇಕು, ಗೆಳೆಯರು ವರನ ಬೆನ್ನಿಗೆ ಗುದ್ದಬೇಕು. ಸುಫ್ಲಿಯವರು ಅಕ್ಕಿ ಎರಚುವುದು ಕಲ್ಲು ಬೀರಿದ ಹಾಗೆ.

ಪಾದ್ರಿ ಹಾಡು ಎತ್ತಿದ. ಹಿಡಿಹಿಡಿ ಅಕ್ಕಿ ಹಾರಿತು. ಬೆಂಕಿ ಆರಿಸುವವರ ಪಡೆಯೇ ಅನೆಸ್ತಿಸನ ಬೆನ್ನ ಮೇಲೆ ಬಿತ್ತು.

"ನಿಧಾನ ಎಸೀರೋ! ಅವನ ಬೆನ್ನು ಬಿಡ್ರೋ ದರಿದ್ರದವ್ರಾ!" ಪಾಸ್ಕಾಲಿಸ್ ಚರ್ಚೆಂಬುದನ್ನೂ ಮರೆತು ಕೂಗಿದ. ಜನ ಇನ್ನಷ್ಟು ನಕ್ಕು ಇನ್ನಷ್ಟು ಎರಚಿದರು. ಅನೆಸ್ತಿಸ್ ಮುಗ್ಗರಿಸಿದ. ನೂಲು ಬಿಗಿದು ನೆಟ್ಟಗಾಯಿತು. ದೊಮ್ನ ಥಟ್ಟನೆ ಒಂದು ಹೆಜ್ಜೆ ಅವನ ಕಡೆಗೆ ಇಟ್ಟಳು, ನೂಲು ಸಡಿಲಾಯಿತು. ಅಲ್ಲಿಂದ ಮುಂದೆ ಅವರಿಬ್ಬರೂ ಒಬ್ಬರ ಹೆಜ್ಜೆ ಒಬ್ಬರು ನೋಡಿಕೊಂಡೇ ಸುತ್ತಿದರು, ಭುಜಕ್ಕೆ ಭುಜ ತಾಗಿಸಿ, ನಗು ತಡೆಯಲಾರದೆ. ಕೊನೆಯ ಸುತ್ತು ಮುಗಿದು ಪಾದ್ರಿ ನಿಂತಾಗ ನೂಲು ಹಾಗೇ ಇತ್ತು, ಅದರ ಮೇಲೆ ಎರಡು ಅಕ್ಕಿಕಾಳು ಅಂಟಿಕೊಂಡಿದ್ದವು.

"ಹರೀಲಿಲ್ಲ!" ಎಂದು ಪಾಸ್ಕಾಲಿಸ್ ಎರಡೂ ಕೈಯೆತ್ತಿದ. ಜನರನ್ನು ಸರಿಸಿಕೊಂಡು ಮಗಳ ಬಳಿ ಹೋದ. "ಹರೀಲಿಲ್ಲ ಮಗಳೇ!"

"ನೀನು ಸಾಕಿದ್ದಲ್ವಾ ಅಪ್ಪ, ಹೆಂಗೆ ಹರಿಯುತ್ತೆ?"

"ನಾನು ಬಿಟ್ಟದ್ದಲ್ಲ ಕಣೇ ಅದು. ಅದೇ ನನ್ನ ಕೈಗೆ ಸಿಗದೆ ಹೊರಗೆ ಬಂತು."

"ಗೊತ್ತು" ಎಂದಳು ದೊಮ್ನ. "ಅದಕ್ಕೇ ಅದನ್ನೇ ಕಟ್ಟಿಸ್ಕೊಂಡೆ. ನಾನೂ ಹಂಗೇ ಗೂಡು ಬಿಟ್ಟು ಹೊರಟಿರೋದು."

ಫೋಟೊದವನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಗಲು ಹೇಳಿದ. ಹಲ್ಲಿನ ಕವಚ ಹೋದಂದಿನಿಂದ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ ಪಾಸ್ಕಾಲಿಸ್ ಅಂದು ಕೈ ತೆಗೆದ. ಆ ಫೋಟೊ ಈಗ ಕಾಫಿ ಅಂಗಡಿಯ ಗೋಡೆಯಲ್ಲಿದೆ. ಅದರಲ್ಲಿ ಅವನು ಬಲಕ್ಕೂ ಎಳೆಯದೆ, ಎಡಕ್ಕೂ ಎಳೆಯದೆ, ಮೊಂಡುಹಲ್ಲು ಕಾಣುವ ಹಾಗೆ ಬಾಯ್ತುಂಬ ನಗುತ್ತಿದ್ದಾನೆ.